ಪಿಯಾನೋ ಗುರು ಕಾರ್ಲ್ ಚೆರ್ನಿ

ಪಿಯಾನೋ ಕಲಿಯಹೊರಟ ಮಕ್ಕಳಿಗೆ ಕಾರ್ಲ್ ಚೆರ್ನಿ ಎಂಬುದು ಬೇಸರದ ಮತ್ತೊಂದು ಹೆಸರು. ನಮ್ಮಲ್ಲಿ ಸರಳೆ, ಜಂಟಿವರಸೆಗಳು ಹೇಗೋ ಪಶ್ಚಿಮದಲ್ಲಿ ಚೆರ್ನಿಯ ಬೆರಳಭ್ಯಾಸಗಳು ಹಾಗೆ. ಅವನ್ನು ದಾಟದೆ ಮುಂದಕ್ಕೆ ದಾರಿಯಿಲ್ಲ. ಫ್ರಾನ್ಸಿನ ದೆಬುಸಿ 1915ರಲ್ಲಿ ರಚಿಸಿದ ತನ್ನ ಅಭ್ಯಾಸಕೃತಿಗಳಲ್ಲಿ ಮೊದಲನೆಯದನ್ನು ಈತನ ಐದು ಬೆರಳಿನ ಪಾಠದ ಅಣಕದಿಂದಲೇ ಆರಂಭಿಸಿದ. ಆದರೆ ಆ ಪುಸ್ತಕಗಳ ಹಿಂದೆ ನಿಂತ ಮನುಷ್ಯನನ್ನು ಬಲ್ಲವರು ಕಡಿಮೆ. ಅರಮನೆಯ ಆಶ್ರಯವಾಗಲಿ ಸಂಗೀತಶಾಲೆಯ ಸಂಬಳವಾಗಲಿ ಇಲ್ಲದೆ, ಖಾಸಗಿ ಪಾಠವೊಂದನ್ನೇ ನೆಚ್ಚಿ, ಅದನ್ನು ಗಡಿಯಾರದಂತೆ ನಡೆಸಿ, ಮೂವರ ಸಂಸಾರವನ್ನು ಗೌರವದಿಂದ ಸಾಗಿಸಿದವನು ಆತ.

ಚೆರ್ನಿ ಹುಟ್ಟಿದ್ದು 1791ರ ಫೆಬ್ರವರಿ 21ರಂದು, ವಿಯೆನ್ನಾ ನಗರದಲ್ಲಿ. ತಂದೆ ವೆನ್‌ಜೆಲ್ ಬೊಹೀಮಿಯಾ ಮೂಲದ ಬಡ ಸಂಗೀತಗಾರ. ಪಾಠ ಹೇಳಿ, ಪಿಯಾನೋಗಳನ್ನು ದುರಸ್ತಿ ಮಾಡಿ ಹೊಟ್ಟೆ ಹೊರೆಯುತ್ತಿದ್ದ. ಒಬ್ಬನೇ ಮಗನನ್ನು ಓರಗೆಯವರ ಆಟಪಾಟಗಳಿಂದ ದೂರವಿಟ್ಟು ವಾದ್ಯದ ಮುಂದೆಯೇ ಬೆಳೆಸಿದ. ಹುಡುಗನಿಗೆ ಹತ್ತು ವರ್ಷವಾಗಿದ್ದಾಗ ಕ್ರುಂಪ್‌ಹೋಲ್ಟ್ಸ್ ಎಂಬ ಪಿಟೀಲುಗಾರ ತಂದೆಮಕ್ಕಳನ್ನು ಬೀಥೋವನ್‌ನ ಬಳಿಗೆ ಕರೆದೊಯ್ದ. ಹುಡುಗ ನುಡಿಸಿದ್ದನ್ನು ಕೇಳಿ ಬೀಥೋವನ್ ಶಿಷ್ಯನಾಗಿ ಒಪ್ಪಿಕೊಂಡ. ಮೊದಲ ಪಾಠಗಳೆಲ್ಲ ಬರಿಯ ಸ್ವರಶ್ರೇಣಿಗಳು. ಕೈ ಹೇಗಿರಬೇಕು, ಬೆರಳು ಹೇಗೆ ಬಾಗಬೇಕು, ಹೆಬ್ಬೆರಳು ಯಾವಾಗ ಒಳಗೆ ಸರಿಯಬೇಕು, ಸ್ವರದಿಂದ ಸ್ವರಕ್ಕೆ ಕೊಂಡಿ ಕಡಿಯದಂತೆ ಹೇಗೆ ಸಾಗಬೇಕು, ಇಷ್ಟನ್ನೇ ತಿದ್ದಿ ತಿದ್ದಿ ಹೇಳಿಕೊಟ್ಟ. ಗುರು ಮಹಾಪುರುಷನಾದರೂ ಪಾಠದ ವೇಳೆ ಮಾತ್ರ ನಂಬುವಂತಿರಲಿಲ್ಲ. ರಚನೆಯ ಆವೇಶ ಬಂದಾಗ ಪಾಠ ಮುಂದಕ್ಕೆ ಹೋಗುತ್ತಿತ್ತು. ಮಗನ ಜೊತೆಗೆ ಹೋಗಬೇಕಾಗಿದ್ದ ತಂದೆಗೆ ತನ್ನ ಪಾಠಗಳು ತಪ್ಪಿ ಸಂಪಾದನೆ ಕೈಬಿಡುತ್ತಿತ್ತು. ಬಡವನ ಮನೆಯಲ್ಲಿ ಇದು ಸಣ್ಣ ನಷ್ಟವಲ್ಲ. ಕಡೆಗೆ ಆ ಪಾಠ ನಿಂತೇಹೋಯಿತು. ಮುಂದೆ ಚೆರ್ನಿ ಕಾಲಕ್ಕೆ ಕೊಟ್ಟ ಬೆಲೆಯ ಬೇರು ಇಲ್ಲಿಯೇ ಇತ್ತೆಂದು ನನಗೆ ತೋರುತ್ತದೆ.

ವಾದಕನಾಗಿ ಮೆರೆಯುವ ದಾರಿ ಅವನಿಗೆ ಮುಚ್ಚಿರಲಿಲ್ಲ. 1805ರಲ್ಲಿ ಬೀಥೋವನ್ ಅವನಿಗೊಂದು ಪ್ರಶಂಸಾಪತ್ರ ಬರೆದುಕೊಟ್ಟಿದ್ದ. 1812ರ ಫೆಬ್ರವರಿಯಲ್ಲಿ ಬೀಥೋವನ್‌ನ ಐದನೆಯ ಪಿಯಾನೋ ಕನ್ಚರ್ಟೋವನ್ನು ವಿಯೆನ್ನಾದಲ್ಲಿ ಮೊತ್ತಮೊದಲು ನುಡಿಸಿದವನೂ ಚೆರ್ನಿಯೇ. ಆದರೆ ನೆಪೋಲಿಯನ್ನನ ಸೈನ್ಯ 1805ರಲ್ಲೂ 1809ರಲ್ಲೂ ನಗರವನ್ನು ಹಿಡಿದ ಕಾಲವದು. ದೇಶ ಸಂಚಾರದ ಯೋಚನೆ ಕೈಗೂಡಲಿಲ್ಲ. ಮನೆಯಲ್ಲಿ ವಯಸ್ಸಾಗುತ್ತಿದ್ದ ತಂದೆತಾಯಿಯರಿದ್ದರು. ಸಭೆಯನ್ನು ಬೆರಗುಗೊಳಿಸುವ ಥಳುಕು ತನ್ನ ವಾದನದಲ್ಲಿಲ್ಲವೆಂಬುದನ್ನೂ ಅವನೇ ಕಂಡುಕೊಂಡಿದ್ದ. ಹದಿನೈದರ ಹರೆಯದಲ್ಲಿ ಹಿಡಿದ ಪಾಠವೇ ಬಾಳಿನ ಕಸುಬಾಯಿತು.

ಆ ಕಸುಬನ್ನು ಅವನು ನಡೆಸಿದ ಬಗೆ ಸೋಜಿಗದ್ದು. ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ದಿನಕ್ಕೆ ಹನ್ನೊಂದೋ ಹನ್ನೆರಡೋ ಪಾಠಗಳು. ಅದೂ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು. ಶ್ರೀಮಂತರ ಮನೆಗಳು ಅವನಿಗಾಗಿ ಕಾಯುತ್ತಿದ್ದವು, ಪಾಠದ ದರವೂ ಏರಿತು. ಅವನಲ್ಲಿ ಕಲಿಯಲೆಂದೇ ವಿಯೆನ್ನಾಕ್ಕೆ ಬಂದ ಸ್ಟೀಫನ್ ಹೆಲ್ಲರ್ ಎಂಬ ಬಾಲಕ ಆ ದರವನ್ನು ತಾಳಲಾರದೆ ಬೇರೆ ಗುರುವನ್ನು ಹುಡುಕಬೇಕಾಯಿತು. ಇದನ್ನು ಮುಚ್ಚಿಡುವುದು ಬೇಡ: ಚೆರ್ನಿ ತನ್ನ ಗಂಟೆಯನ್ನು ಅಗ್ಗಕ್ಕೆ ಮಾರುವವನಲ್ಲ. ದಿನದ ಪಾಠ ಮುಗಿದ ಮೇಲೆ ರಾತ್ರಿ ಬರವಣಿಗೆ. ಪ್ರಕಟವಾದ ಕೃತಿಗಳ ಸಂಖ್ಯೆ 861ಕ್ಕೆ ಮುಟ್ಟಿದ್ದು ಹೀಗೆ. ಶಿಷ್ಯನ ಬೆರಳು ಎಲ್ಲಿ ಎಡವಿತೋ ಆ ತೊಡಕನ್ನು ಬಿಡಿಸಿ ತೆಗೆದು, ಅದೊಂದನ್ನೇ ತಿದ್ದುವ ಅಭ್ಯಾಸವನ್ನು ಕಟ್ಟುವುದು ಅವನ ರೀತಿ. ಇವುಗಳಲ್ಲಿ ಕಾವ್ಯವನ್ನು ಹುಡುಕುವವರು ನಿರಾಶರಾಗುತ್ತಾರೆ, ನಿಜ. ಇವು ವೈದ್ಯನ ಚೀಟಿಗಳು.

1816ರಲ್ಲಿ ಬೀಥೋವನ್ ತನ್ನ ತಮ್ಮನ ಮಗ ಕಾರ್ಲನನ್ನು ಪಾಠಕ್ಕಾಗಿ ಇವನಿಗೇ ಒಪ್ಪಿಸಿದ. ಬೆರಳು, ತಾಳ, ಸ್ವರಗಳು ಒಂದು ಹದಕ್ಕೆ ಬಂದ ಮೇಲೆ ಹುಡುಗನನ್ನು ಸಣ್ಣ ತಪ್ಪುಗಳಿಗಾಗಿ ನಡುವೆ ತಡೆಯಬಾರದು, ಕೊನೆಯವರೆಗೆ ನುಡಿಸಲು ಬಿಟ್ಟು ಆಮೇಲೆ ತಿದ್ದಬೇಕು ಎಂದು ಅವನು ಬರೆದು ತಿಳಿಸಿದ. ಹೇಳಿದವನು ತಾಳ್ಮೆಗೆ ಹೆಸರಾದವನಲ್ಲ ಎಂಬುದು ಬೇರೆ ಮಾತು. 1818ರಿಂದ 1820ರವರೆಗೆ ಭಾನುವಾರಗಳಂದು ಚೆರ್ನಿಯ ಮನೆಯಲ್ಲಿ ಶಿಷ್ಯರು ಆಯ್ದ ರಸಿಕರ ಮುಂದೆ ನುಡಿಸುತ್ತಿದ್ದರು. ಕಿವಿ ಕುಂದುತ್ತಿದ್ದ ಬೀಥೋವನ್ ಆ ಸಭೆಗಳಿಗೆ ಬಂದು ಕೂರುತ್ತಿದ್ದ.

1819ರಲ್ಲಿ ಆಡಮ್ ಲಿಸ್ಟ್ ಎಂಬಾತ ಎಂಟು ವರ್ಷದ ಮಗನನ್ನು ಕರೆತಂದ. ಹುಡುಗ ಬಡಕಲು, ಬಿಳಿಚಿದ ಮುಖ; ನುಡಿಸುವಾಗ ಕುಡಿದವನಂತೆ ಪೀಠದ ಮೇಲೆ ಓಲಾಡುತ್ತಿದ್ದ. ಬೆರಳಿಗೆ ಕ್ರಮವಿಲ್ಲ, ತಾಳಕ್ಕೆ ಹಿಡಿತವಿಲ್ಲ. ಆದರೆ ಕೊಟ್ಟ ಸ್ವರಗಳ ಮೇಲೆ ಅವನು ಕೂಡಲೇ ಕಟ್ಟಿ ನುಡಿಸಿದ ಸಂಗೀತವನ್ನು ಕೇಳಿ ಚೆರ್ನಿ ಬೆರಗಾದ. ಕುಟುಂಬವು ವಿಯೆನ್ನಾದಲ್ಲಿ ನೆಲೆಸಿ ಪಾಠ ಕ್ರಮವಾಗಿ ನಡೆದದ್ದು 1822ರಲ್ಲಿ. ಹಗಲೆಲ್ಲ ಮಾರಿಹೋಗಿದ್ದ ಚೆರ್ನಿ ಈ ಹುಡುಗನಿಗಾಗಿ ಸಂಜೆಗಳನ್ನು ಬಿಟ್ಟುಕೊಟ್ಟ, ಎಂದರೆ ತನ್ನ ಬರವಣಿಗೆಯ ಹೊತ್ತನ್ನೇ ಕೊಟ್ಟ. ಹಮ್ಮು ಬೇಡಿದ ದೊಡ್ಡ ಕೃತಿಗಳನ್ನು ಪಕ್ಕಕ್ಕಿಟ್ಟು ಮೊದಲು ಸ್ವರಶ್ರೇಣಿ, ಆಮೇಲೆ ಕ್ಲೆಮೆಂಟಿಯ ಸೊನಾಟಾಗಳು. ತಾಳದ ಲೆಕ್ಕ, ಬೆರಳಿನ ಕಟ್ಟು, ನೋಡಿದೊಡನೆ ನುಡಿಸುವ ರೂಢಿ. ಕೆಲವು ಪಾಠಗಳಾದ ಮೇಲೆ ತಂದೆ ಹಣ ನೀಡಬಂದಾಗ ಚೆರ್ನಿ ಮುಟ್ಟಲಿಲ್ಲ. ಹೆಲ್ಲರನಿಗೆ ಬಿಗಿಯಾಗಿದ್ದ ಕೈ ಇಲ್ಲಿ ಸಡಿಲವಾದದ್ದು ನ್ಯಾಯವೇ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. 1822ರ ಡಿಸೆಂಬರ್ 1ರಂದು ಹುಡುಗ ವಿಯೆನ್ನಾದ ಸಭೆಯನ್ನು ಗೆದ್ದ. ಮರುವರ್ಷವೇ ತಂದೆ ಅವನನ್ನು ಪ್ಯಾರಿಸಿನ ಕಡೆಗೆ ಕರೆದುಕೊಂಡು ಹೊರಟ. ಬೇಗನೆ ಹಣ್ಣಾಗಿಸುವ ಆಸೆಯಿಂದ ಕಾಯನ್ನು ಕಿತ್ತರೆಂಬ ನೋವು ಚೆರ್ನಿಗೆ ಕೊನೆಯವರೆಗೂ ಉಳಿಯಿತು.

1827ರಲ್ಲಿ ತಾಯಿ, 1832ರಲ್ಲಿ ತಂದೆ ತೀರಿಕೊಂಡರು. ಮದುವೆಯಾಗಿರದ ಚೆರ್ನಿ ಒಂಟಿಯಾದ. 1836ರಲ್ಲಿ ನಿತ್ಯದ ಪಾಠಗಳನ್ನು ನಿಲ್ಲಿಸಿದ. 1839ರಲ್ಲಿ ತನ್ನ ಬೋಧನೆಯ ಅನುಭವವನ್ನೆಲ್ಲ ಪಿಯಾನೋ ಶಿಕ್ಷಣದ ಮಹಾಗ್ರಂಥವಾಗಿ ಹೊರತಂದ. ಆಮೇಲೂ ಅಪರೂಪಕ್ಕೆ ಶಿಷ್ಯರು ದೊರೆತರು. ಅವರಲ್ಲೊಬ್ಬ ಲೆಶೆಟಿಟ್ಸ್ಕಿ, ಮುಂದೆ ಪಾಡೆರೆವ್ಸ್ಕಿ, ಶ್ನಾಬೆಲ್‌ರಂಥವರನ್ನು ತಿದ್ದಿದ ಗುರು. ಅಷ್ಟು ಹೊತ್ತಿಗೆ ಯೂರೋಪನ್ನೆಲ್ಲ ಗೆದ್ದಿದ್ದ ಲಿಸ್ಟ್, 1852ರಲ್ಲಿ ಅಚ್ಚಾದ ತನ್ನ ಅತಿ ಕಠಿಣವಾದ ಹನ್ನೆರಡು ಅಭ್ಯಾಸಕೃತಿಗಳನ್ನು ಹಳೆಯ ಗುರುವಿಗೆ ಅರ್ಪಿಸಿದ. 1857ರ ಜುಲೈ 15ರಂದು ಚೆರ್ನಿ ವಿಯೆನ್ನಾದಲ್ಲೇ ಕಣ್ಣುಮುಚ್ಚಿದ. ಗಂಟೆಗೆ ಗಂಟೆ ಕೂಡಿಸಿ ಉಳಿಸಿದ್ದ ದೊಡ್ಡ ಆಸ್ತಿ, ಅವನ ಉಯಿಲಿನಂತೆ, ನಗರದ ಸಂಗೀತಪ್ರಿಯರ ಸಂಘಕ್ಕೂ ಮನೆ ನೋಡಿಕೊಳ್ಳುತ್ತಿದ್ದ ಸೇವಕಿಗೂ ಧರ್ಮಸಂಸ್ಥೆಗಳಿಗೂ ಹಂಚಿಹೋಯಿತು. ಅವುಗಳಲ್ಲೊಂದು ಕಿವುಡರ ಶಾಲೆ.