ಗಾಂಧೀಜಿಯವರ ಗೋಧಿ ಕಾಫಿ

ರಾಜಾಜಿನಗರದ ನಮ್ಮ ಮನೆಗಳಲ್ಲಿ ಬೆಳಗಿನ ಬಲಿಪೂಜೆಗೆ ಹೊರಡುವ ಮುನ್ನವೇ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದಿರುತ್ತದೆ. ತಪಸ್ಸುಕಾಲ ಬಂತೆಂದರೆ ಕೆಲವು ಕುಟುಂಬಗಳಲ್ಲಿ ಆ ಫಿಲ್ಟರು ನಲವತ್ತು ದಿನ ಕಪಾಟು ಸೇರುವುದುಂಟು. ಮಾಂಸ ಬಿಡುವುದಕ್ಕಿಂತ ಕಾಫಿ ಬಿಡುವುದೇ ಕಷ್ಟವೆಂಬುದನ್ನು ಬಿಟ್ಟು ನೋಡಿದವರು ಬಲ್ಲರು. ಎರಡನೆಯ ದಿನದ ತಲೆನೋವು ಅವರ ನೆನಪಿನಲ್ಲಿ ಉಳಿದಿರುತ್ತದೆ. ಈಗ ವ್ರತಕ್ಕಾಗಿ ಮಾತ್ರವಲ್ಲ, ಆರೋಗ್ಯಕ್ಕಾಗಿಯೂ ಕಾಫಿ ತ್ಯಜಿಸುವವರು ನಮ್ಮ ನಡುವೆ ಇದ್ದಾರೆ. ಬೇಯಿಸದ ಆಹಾರದ ಪಥ್ಯಕ್ಕೆ ತೊಡಗಿದ ಬಂಧುಗಳೊಬ್ಬರು, ಕೆಫೀನ್ ತೆಗೆದ ಕಾಫಿಯಾದರೂ ಆದೀತೇ, ಅದೂ ಆಗದಿದ್ದರೆ ಬೆಳಿಗ್ಗೆ ಏನನ್ನು ಕುಡಿಯಬೇಕು ಎಂದು ನಮ್ಮನ್ನು ವಿಚಾರಿಸಿದರು. ಇದೇ ಪ್ರಶ್ನೆಯನ್ನು ಅರ್ಧ ಶತಮಾನದ ಕಾಲ ತಮ್ಮ ದೇಹದ ಮೇಲೆಯೇ ಪರೀಕ್ಷಿಸಿದ ಮಹನೀಯರೊಬ್ಬರು ನಮಗೆ ಆಗ ನೆನಪಾದರು. ಅವರು ಮಹಾತ್ಮ ಗಾಂಧೀಜಿ. ನಮ್ಮ ಬಡಾವಣೆ ಯಾರ ಹೆಸರನ್ನು ಹೊತ್ತಿದೆಯೋ ಆ ರಾಜಾಜಿಯವರಿಗೆ ಅವರು ಬೀಗರೂ ಹೌದು.

ಮೊದಲು ಬಂಧುಗಳ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇವೆ. ಕಾಫಿ ಬೀಜದಲ್ಲಿರುವ ಕೆಫೀನನ್ನು 1819ರಲ್ಲಿ ಬೇರ್ಪಡಿಸಿ ತೋರಿಸಿದವನು ಜರ್ಮನಿಯ ರಸಾಯನಶಾಸ್ತ್ರಜ್ಞ ರುಂಗೆ. ಕೆಫೀನ್ ತೆಗೆದ ಕಾಫಿಯನ್ನು ವ್ಯಾಪಾರಕ್ಕೆ ತಂದವನು ಬ್ರೆಮೆನ್ ನಗರದ ವರ್ತಕ ಲುಡ್ವಿಗ್ ರೋಸೆಲಿಯಸ್; ಅವನ ಕಂಪನಿ 1906ರಲ್ಲಿ ಆರಂಭವಾಯಿತು. ಹಸಿ ಬೀಜಗಳನ್ನು ಹಬೆಯಲ್ಲಿ ಉಬ್ಬಿಸಿ ಬೆಂಜೀನಿನಿಂದ ಕೆಫೀನನ್ನು ಸೆಳೆಯುತ್ತಿದ್ದರು. ಬೆಂಜೀನ್ ಹಾನಿಕರವೆಂದು ತಿಳಿದ ಮೇಲೆ ಅದನ್ನು ಕೈಬಿಟ್ಟು, ಬೇರೆ ದ್ರಾವಕಗಳನ್ನೂ, ಬರಿಯ ನೀರನ್ನೂ, ಒತ್ತಡದಲ್ಲಿಟ್ಟ ಇಂಗಾಲದ ಡೈಆಕ್ಸೈಡನ್ನೂ ಬಳಸುವ ವಿಧಾನಗಳು ಬಂದವು. ಯಾವ ವಿಧಾನವಾದರೂ ಅತ್ಯಲ್ಪ ಕೆಫೀನ್ ಉಳಿದೇ ಉಳಿಯುತ್ತದೆ. ಅಲ್ಲದೆ ಆ ಬೀಜವನ್ನು ಕೊನೆಗೆ ಇತರ ಬೀಜಗಳಂತೆಯೇ ಕೆಂಡದಂಥ ಕಾವಿನಲ್ಲಿ ಹುರಿಯಲೇಬೇಕು. ಆದ್ದರಿಂದ ಬೇಯಿಸದ ಆಹಾರದ ಪಥ್ಯದವರಿಗೆ ಅದು ಸಲ್ಲದು. ಚಿಕೋರಿ ಬೇರು, ಬಾರ್ಲಿ, ಖರ್ಜೂರದ ಬೀಜ ಇವುಗಳ ಪುಡಿಗಳೂ ಹುರಿದವೇ. ನಮ್ಮ ಅಜ್ಜಿಯಂದಿರ ಕೊತ್ತಂಬರಿ ಜೀರಿಗೆ ಕಷಾಯವೂ ಒಲೆಯನ್ನು ಬಿಟ್ಟಿಲ್ಲ.

1888ರಲ್ಲಿ ಕಾನೂನು ವ್ಯಾಸಂಗಕ್ಕೆಂದು ಲಂಡನ್ನಿಗೆ ಹೋದ ಮೋಹನದಾಸರು ಅಲ್ಲಿ ಖರ್ಚು ಕಡಿಮೆ ಮಾಡಲು ಸ್ವಯಂಪಾಕಕ್ಕೆ ತೊಡಗಿದರು. ಮಸಾಲೆಯ ರುಚಿ ಮನಸ್ಸಿನಲ್ಲಿದೆಯೇ ಹೊರತು ನಾಲಿಗೆಯಲ್ಲಿಲ್ಲವೆಂಬ ನಿರ್ಣಯಕ್ಕೆ ಬಂದು, ಚಹಾ ಕಾಫಿಗಳನ್ನು ಬಿಟ್ಟು ಕೋಕೋ ಕುಡಿಯಲಾರಂಭಿಸಿದರು. ಬೆಳಿಗ್ಗೆ ಓಟ್ಸ್ ಗಂಜಿಯೊಂದಿಗೆ ಕೋಕೋ, ರಾತ್ರಿ ಬ್ರೆಡ್ಡಿನೊಂದಿಗೆ ಕೋಕೋ. ಒಂದು ಪೇಯದ ಜಾಗದಲ್ಲಿ ಇನ್ನೊಂದನ್ನು ಕೂರಿಸುವ ಈ ಉಪಾಯ ಅವರಿಗೆ ಆಗ ಸಾಕೆನಿಸಿತ್ತು.

1893ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿದ್ದಾಗ ಅವರು ಬೆಂಕಿ ಮುಟ್ಟದ ಆಹಾರದ ಪ್ರಯೋಗವನ್ನು ಕೈಗೊಂಡರು. ನೆನೆಸಿದ ಗೋಧಿ, ಬಾದಾಮಿ, ಒಣದ್ರಾಕ್ಷಿ, ಹಣ್ಣು. ದಿನದಿನದ ಸ್ಥಿತಿಯನ್ನು ಬರೆದಿಟ್ಟರು. ಹಸಿವು ತೀರಲಿಲ್ಲ, ನಿಶ್ಶಕ್ತಿ ಹೆಚ್ಚಿತು. ಎರಡು ವಾರ ತುಂಬುವ ಮೊದಲೇ ನಿಲ್ಲಿಸಬೇಕಾಯಿತು. ಮರುವರ್ಷ ಲಂಡನ್ನಿನ ಸಸ್ಯಾಹಾರಿಗಳ ಪತ್ರಿಕೆಯಲ್ಲಿ ಆ ಸೋಲನ್ನು ಮರೆಮಾಚದೆ ಪ್ರಕಟಿಸಿದರು. ಇಪ್ಪತ್ನಾಲ್ಕರ ತರುಣನೊಬ್ಬ ತನ್ನ ಸೋಲನ್ನು ಹೀಗೆ ಅಚ್ಚುಹಾಕಿಸಿದ್ದು ಅಪರೂಪವೆಂದೇ ನಮ್ಮ ಭಾವನೆ.

ಕ್ಯಾಥೋಲಿಕರಾದ ನಮಗೆ ಆಪ್ತವಾದ ಪ್ರಸಂಗವೊಂದು ಇಲ್ಲಿ ಬರುತ್ತದೆ. ನಟಾಲ್ ಪ್ರಾಂತದ ಮರಿಯನ್‌ಹಿಲ್ ಎಂಬಲ್ಲಿ ಟ್ರ್ಯಾಪಿಸ್ಟ್ ಸಭೆಯ ಸಂನ್ಯಾಸಿಗಳು 1882ರಲ್ಲಿ ಮಠವೊಂದನ್ನು ಸ್ಥಾಪಿಸಿದ್ದರು. ಗಾಂಧೀಜಿಯವರು ಅಲ್ಲಿಗೆ ಭೇಟಿಕೊಟ್ಟು 1895ರಲ್ಲಿ ಅದೇ ಪತ್ರಿಕೆಗೆ ಲೇಖನ ಬರೆದರು. ನಸುಕಿನ ಎರಡು ಗಂಟೆಗೆ ಎದ್ದು ನಾಲ್ಕು ಗಂಟೆ ಕಾಲ ಪ್ರಾರ್ಥನೆ ಧ್ಯಾನಗಳಲ್ಲಿ ತೊಡಗುವ, ಮೌನವನ್ನು ಪಾಲಿಸುವ, ಮೀನು ಮಾಂಸ ಮೊಟ್ಟೆಗಳನ್ನು ಮುಟ್ಟದ ಆ ಸಹೋದರರ ಬದುಕು ಅವರ ಮನಸ್ಸನ್ನು ಸೆರೆಹಿಡಿಯಿತು. ಆ ಮಠದ ಬೆಳಗಿನ ಉಪಾಹಾರ ಬ್ರೆಡ್ಡು ಮತ್ತು ಕಾಫಿಯಾಗಿತ್ತು ಎಂಬುದನ್ನೂ ಅವರು ದಾಖಲಿಸಿದ್ದಾರೆ. ನಮ್ಮ ಕಾಫಿಪ್ರಿಯರಿಗೆ ಇದರಿಂದ ಕೊಂಚ ಸಮಾಧಾನವಾದೀತು.

ಆ ಮಠದ ನೆನಪು ಅಲ್ಲಿಗೇ ಮುಗಿಯಲಿಲ್ಲ. 1910ರಲ್ಲಿ ಸತ್ಯಾಗ್ರಹಿಗಳ ಕುಟುಂಬಗಳಿಗಾಗಿ ಜೋಹಾನ್ಸ್‌ಬರ್ಗಿನ ಸಮೀಪ ಟಾಲ್‌ಸ್ಟಾಯ್ ಫಾರಂ ಆರಂಭವಾಯಿತು. ಜಮೀನು ಕೊಟ್ಟ ಸ್ನೇಹಿತ ಕ್ಯಾಲನ್‌ಬ್ಯಾಕ್ ಟ್ರ್ಯಾಪಿಸ್ಟರ ಬಳಿಗೆ ಹೋಗಿ ಚಪ್ಪಲಿ ಹೊಲಿಯುವುದನ್ನು ಕಲಿತುಬಂದು ಇತರರಿಗೆ ಕಲಿಸಿದರು. ಅಲ್ಲಿನ ದಿನಚರಿಯಲ್ಲಿ ಬೆಳಗಿನ ಆರು ಗಂಟೆಗೆ ಬ್ರೆಡ್ಡು ಮತ್ತು ಗೋಧಿಯ ಕಾಫಿ, ಹನ್ನೊಂದಕ್ಕೆ ಅನ್ನ ಬೇಳೆ ತರಕಾರಿ, ಸಂಜೆ ಐದೂವರೆಗೆ ಗೋಧಿ ಗಂಜಿ ಹಾಲು, ಇಲ್ಲವೇ ಮತ್ತೆ ಬ್ರೆಡ್ಡು ಮತ್ತು ಆ ಕಾಫಿ. ಜೈಲಿಗೆ ಹೋದವರ ಹೆಂಡಿರು ಮಕ್ಕಳು ಇದನ್ನು ಕುಡಿದು ದಿನ ಕಳೆದರು.

ಇದನ್ನು ಮಾಡುವ ವಿಧಾನವನ್ನು ಗಾಂಧೀಜಿಯವರು 1913ರಲ್ಲಿ ತಮ್ಮ ಪತ್ರಿಕೆಯ ಆರೋಗ್ಯ ಲೇಖನಗಳಲ್ಲಿ ತಿಳಿಸಿದ್ದಾರೆ. ಗೋಧಿಯನ್ನು ಹಸನುಮಾಡಿ, ಬಾಣಲೆಯಲ್ಲಿ ಕೆಂಪಗೆ ಕಪ್ಪಾಗುವ ಹದಕ್ಕೆ ಹುರಿದು, ಕಾಫಿಯಂತೆ ಪುಡಿಮಾಡಬೇಕು. ಬಟ್ಟಲಿಗೆ ಒಂದು ಚಮಚ ಪುಡಿ ಹಾಕಿ ಕುದಿಯುವ ನೀರು ಸುರಿಯಬೇಕು. ಒಂದು ನಿಮಿಷ ಒಲೆಯ ಮೇಲಿಟ್ಟರೆ ಇನ್ನೂ ಒಳ್ಳೆಯದು. ಬೇಕಿದ್ದರೆ ಹಾಲು ಸಕ್ಕರೆ. ಕಳೆದ ತಪಸ್ಸುಕಾಲದಲ್ಲಿ ನಾವು ಇದನ್ನು ಮನೆಯಲ್ಲಿ ಮಾಡಿ ನೋಡಿದೆವು. ಮೊದಲ ಸಲ ಗೋಧಿ ಸೀದುಹೋಯಿತು. ಎರಡನೆಯ ಸಲ ಹದ ಸಿಕ್ಕಿ ಮನೆಯೆಲ್ಲ ಹುರಿಗಾಳಿನ ಪರಿಮಳ ಹರಡಿತು. ರುಚಿ ಕೆಟ್ಟದ್ದೇನಲ್ಲ, ಆದರೆ ಅದನ್ನು ಕಾಫಿಯೆಂದು ಕರೆಯುವುದು ಕಾಫಿಗೂ ಗೋಧಿಗೂ ಅನ್ಯಾಯ.

ಅದೇ ಲೇಖನಮಾಲೆಯಲ್ಲಿ ಅವರು ಕೋಕೋವನ್ನೂ ನಿರಾಕರಿಸಿದರು. ಚಹಾ, ಕಾಫಿ, ಕೋಕೋ ತೋಟಗಳಲ್ಲಿ ಕರಾರಿನ ಕೂಲಿಗಳು ಅನುಭವಿಸುವ ಹಿಂಸೆಯನ್ನು ಕಣ್ಣಾರೆ ಕಂಡವರು ಅವನ್ನು ಮುಟ್ಟಲಾರರೆಂಬುದು ಅವರ ಒಂದು ಕಾರಣವಾಗಿತ್ತು. ಲಂಡನ್ನಿನಲ್ಲಿ ಹೊಟ್ಟೆಗೂ ಹಣಕ್ಕೂ ಸಂಬಂಧಿಸಿದ್ದ ವಿಷಯ ಇಲ್ಲಿಗೆ ಬರುವಷ್ಟರಲ್ಲಿ ಅನ್ಯರ ಬೆವರಿಗೆ ಸಂಬಂಧಿಸಿತ್ತು. ಚಿಕ್ಕಮಗಳೂರು, ಕೊಡಗುಗಳ ಬೀಜ ಕೊಳ್ಳುವ ನಾವು ಬೆಲೆಯನ್ನು ವಿಚಾರಿಸುತ್ತೇವೆ. ಕೊಯ್ದವರ ಕೂಲಿಯನ್ನು ವಿಚಾರಿಸುವುದಿಲ್ಲ.

1912ರಲ್ಲಿ ಅವರು ಹಾಲನ್ನೂ ಬಿಟ್ಟು ಕಡಲೆಕಾಯಿ, ಬಾಳೆಹಣ್ಣು, ಖರ್ಜೂರ, ನಿಂಬೆ, ಆಲಿವ್ ಎಣ್ಣೆಗಳಲ್ಲೇ ಜೀವಿಸತೊಡಗಿದರು. ಆರು ವರ್ಷಗಳ ಬಳಿಕ, 1918ರಲ್ಲಿ, ಆಮಶಂಕೆ ಅವರನ್ನು ಸಾವಿನ ಸಮೀಪಕ್ಕೆ ಒಯ್ದಿತು. ಹಾಲಿಲ್ಲದೆ ದೇಹ ಚೇತರಿಸದೆಂದು ವೈದ್ಯರು ಹೇಳಿದರು, ವ್ರತ ಅಡ್ಡಬಂತು. ವ್ರತ ತೊಟ್ಟಾಗ ಮನಸ್ಸಿನಲ್ಲಿದ್ದದ್ದು ಹಸು ಎಮ್ಮೆಗಳ ಹಾಲು ಮಾತ್ರವಲ್ಲವೇ ಎಂದು ಕಸ್ತೂರಬಾ ಅವರು ಎತ್ತಿಹಿಡಿದ ಮೇಲೆ ಆಡಿನ ಹಾಲು ಕುಡಿದು ಬದುಕಿಕೊಂಡರು. ವ್ರತದ ಅಕ್ಷರ ಉಳಿದು ಅದರ ಆತ್ಮ ಹೋಯಿತೆಂಬ ಕೊರಗು ಅವರಿಗೆ ಇದ್ದೇ ಇತ್ತು. ಆದರೆ ಆ ಗೃಹಿಣಿಯ ವಿವೇಕ ಇಲ್ಲದಿದ್ದರೆ ದೇಶದ ಚರಿತ್ರೆ ಬೇರೆಯೇ ಆಗುತ್ತಿತ್ತೆಂದು ನಮಗೆ ತೋರುತ್ತದೆ.

1927ರ ಮಾರ್ಚಿನಲ್ಲಿ ನಿಪ್ಪಾಣಿಯಲ್ಲಿ ರಕ್ತದೊತ್ತಡ ಏರಿ ಅವರು ಕುಸಿದರು. ಚೇತರಿಕೆಗಾಗಿ ನಂದಿಬೆಟ್ಟಕ್ಕೂ ಅನಂತರ ಬೆಂಗಳೂರಿನ ಕುಮಾರಾಪಾರ್ಕಿಗೂ ಕರೆತಂದಾಗ ಅವರ ಯೋಗಕ್ಷೇಮ ನೋಡಿಕೊಂಡವರಲ್ಲಿ ರಾಜಾಜಿಯವರೂ ಗಂಗಾಧರರಾವ್ ದೇಶಪಾಂಡೆಯವರೂ ಪ್ರಮುಖರು. ನಮ್ಮ ಬಡಾವಣೆ ಆಗಿನ್ನೂ ಹುಟ್ಟಿರಲಿಲ್ಲ.

ಇಷ್ಟಾದರೂ ಹಸಿ ಆಹಾರದ ಹಂಬಲ ಹೋಗಲಿಲ್ಲ. 1929ರಲ್ಲಿ, ಅರುವತ್ತರ ಹೊಸ್ತಿಲಲ್ಲಿ, ಮೊಳಕೆ ಬಂದ ಗೋಧಿ, ಅರೆದ ಬಾದಾಮಿ, ಹಸಿ ಸೊಪ್ಪು, ನಿಂಬೆ, ಜೇನುಗಳ ಪ್ರಯೋಗವನ್ನು ಮತ್ತೆ ಕೈಗೊಂಡರು. ಕೆಲವು ತಿಂಗಳಲ್ಲಿ ಆಮಶಂಕೆ ಮರಳಿತು, ಪ್ರಯೋಗ ನಿಂತಿತು. ಅದನ್ನೂ ತಮ್ಮ ಪತ್ರಿಕೆಯ ಓದುಗರಿಗೆ ತಿಳಿಸಿದರು. ಆದುದರಿಂದ ಪೂರ್ತಿ ಹಸಿ ಆಹಾರಕ್ಕೆ ಹೊರಟಿರುವ ನಮ್ಮ ಬಂಧುಗಳು, ವಯಸ್ಸಾದವರಂತೂ, ವೈದ್ಯರನ್ನು ಕಾಣದೆ ಮುಂದುವರಿಯಬಾರದೆಂದು ನಾವು ಪ್ರಾರ್ಥಿಸುತ್ತೇವೆ. ಎಳನೀರು, ನೆನೆಸಿ ರುಬ್ಬಿದ ಎಳ್ಳಿನ ಪಾನಕ, ನಿಂಬೆರಸ ಇವೆಲ್ಲ ಬೆಳಗಿನ ಬಟ್ಟಲಿಗೆ ಒದಗುತ್ತವೆ. ಪಾನಕಕ್ಕೆ ಬೆಲ್ಲ ಹಾಕಿದರೆ ಅದೂ ಕುದಿಸಿದ್ದೇ ಎಂದು ಕಟ್ಟುನಿಟ್ಟಿನವರು ತಕರಾರು ತೆಗೆದಾರು. ಅವರಿಗೆ ಜೇನು ಇದೆ.

1942ರ ಆಗಸ್ಟಿನಲ್ಲಿ ಅವರನ್ನು ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂಧನದಲ್ಲಿರಿಸಿದರು. ಆಗಸ್ಟ್ 15ರಂದು ಮಹಾದೇವ ದೇಸಾಯಿಯವರು ಅಲ್ಲಿಯೇ ತೀರಿಕೊಂಡರು. ಇಪ್ಪತ್ತೈದು ವರ್ಷ ಮಗನಂತೆ ಜೊತೆಗಿದ್ದ ಕಾರ್ಯದರ್ಶಿಯನ್ನು ಕಳೆದುಕೊಂಡ ಹನ್ನೆರಡನೆಯ ದಿನ, ಆಗಸ್ಟ್ 27ರಂದು, ಎಪ್ಪತ್ತೆರಡರ ಆ ವೃದ್ಧರು ಆರೋಗ್ಯದ ಕುರಿತು ಹೊಸದಾಗಿ ಬರೆಯಲು ಕುಳಿತರು, ಡಿಸೆಂಬರಿನಲ್ಲಿ ಮುಗಿಸಿದರು. ಚಹಾ, ಕಾಫಿ, ಕೋಕೋ ಮೂರೂ ದೇಹಕ್ಕೆ ಬೇಕಾದವಲ್ಲವೆಂಬ ಹಳೆಯ ನಿಲುವು ಅಲ್ಲಿಯೂ ಇದೆ. ಅವುಗಳ ಬದಲಿಗೆ ಅವರು ಸೂಚಿಸಿದ್ದು ಕಾಯಿಸಿದ ನೀರು, ಅದಕ್ಕೊಂದಿಷ್ಟು ಜೇನು, ನಿಂಬೆಯ ಹುಳಿ.