ಅರಸು ಕೇಳಿದ ಪ್ರಶ್ನೆಯನ್ನ ಮನೆ ಕಂದಾಯದ ಬಗ್ಗೆಯೂ ಕೇಳಬೇಕಿದೆ

ನಿಮ್ಮದು ಪುರಸಭೆಯೋ ನಗರಸಭೆಯೋ ಇರೋ ಊರಾದರೆ, ಮನೆಯಲ್ಲಿರೋ ಕಂದಾಯದ ರಸೀದಿಯನ್ನ ಒಮ್ಮೆ ತೆಗೆದು ನೋಡಿ. ಆಸ್ತಿ ತೆರಿಗೆಯ ಜೊತೆಗೆ ಆರೋಗ್ಯ ಕರ, ಗ್ರಂಥಾಲಯ ಕರ, ಆಮೇಲೆ ಭಿಕ್ಷುಕರ ಕರ ಅಂತ ಒಂದು ಬಾಬ್ತು ಇರುತ್ತೆ. ತೆರಿಗೆಯ ಶೇ 3. ನಿರ್ಗತಿಕರ ಪುನರ್ವಸತಿಗೆ ಅಂತ ವಸೂಲಾಗೋ ಈ ಹಣದ ಮೂಲ 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ. ಆಗ ಮುಖ್ಯಮಂತ್ರಿ ಆಗಿದ್ದವರು ಡಿ. ದೇವರಾಜ ಅರಸು.

ಈಗ ಪಿರಿಯಾಪಟ್ಟಣದಲ್ಲಿ ಒಬ್ಬರು ಅಜ್ಜಿ ಇದ್ದಾರೆ ಅಂದುಕೊಳ್ಳಿ. ಗಂಡ ಕಟ್ಟಿಸಿದ ಹೆಂಚಿನ ಮನೆ, ಕೈಗೆ ಬರೋದು ತಿಂಗಳಿಗೆ 1,200 ರೂಪಾಯಿ ಸಂಧ್ಯಾ ಸುರಕ್ಷಾ ಪಿಂಚಣಿ. ಈ ಅಜ್ಜಿಯೂ ಭಿಕ್ಷುಕರ ಕರ ಕಟ್ಟಬೇಕು. ಅವರ ಹೆಸರಿನಲ್ಲಿ ಮನೆ ಇದೆಯಲ್ಲ, ಅಷ್ಟು ಸಾಕು ಕಾನೂನಿಗೆ.

ಕರ್ನಾಟಕದಲ್ಲಿ ಆಸ್ತಿ ಅಂದ್ರೆ ಏನು, ಅದರ ಮೇಲೆ ಯಾರಿಗೆ ಹಕ್ಕು ಅನ್ನೋ ಪ್ರಶ್ನೆಯನ್ನ ಅರಸು ಅವರಷ್ಟು ಜೋರಾಗಿ ಕೇಳಿದ ಮುಖ್ಯಮಂತ್ರಿ ಇನ್ನೊಬ್ಬರಿಲ್ಲ. ಅವರ ಊರು ಕಲ್ಲಹಳ್ಳಿ ಇರೋದು ಪಿರಿಯಾಪಟ್ಟಣದ ಪಕ್ಕದ ಹುಣಸೂರು ತಾಲೂಕಿನಲ್ಲೇ. ಅದಕ್ಕೇ ಈ ಅಜ್ಜಿಯ ಕಂದಾಯದ ಲೆಕ್ಕಕ್ಕೆ ಹೋಗೋ ಮೊದಲು ಅರಸು ಅವರ ಕಥೆಯನ್ನ ಇನ್ನೊಂದು ಸಲ ಓದೋಣ. ಅದರಲ್ಲಿ ನಾವು ಕಲಿಯಬೇಕಾದ್ದೂ ಇದೆ, ಎಚ್ಚರ ವಹಿಸಬೇಕಾದ್ದೂ ಇದೆ.

ಅರಸು ಹುಟ್ಟಿದ್ದು 1915ರ ಆಗಸ್ಟ್ 20ರಂದು. ಮೈಸೂರು ರಾಜಮನೆತನಕ್ಕೆ ನೆಂಟಸ್ತಿಕೆ ಇದ್ದ ಸಮುದಾಯ, ಆದರೆ ಬೆಳೆದಿದ್ದು ಹಳ್ಳಿಯ ಬೇಸಾಯದ ಮನೆಯಲ್ಲಿ. ತಮ್ಮ ಕೆಂಪರಾಜ ಅರಸು ಸಿನಿಮಾ ಕಡೆ ಹೋದರು. ದೇವರಾಜ ಅರಸು ಪದವಿ ಮುಗಿಸಿ ಊರಿಗೆ ವಾಪಸ್ ಬಂದು ಹೊಲ ನೋಡಿಕೊಂಡರು. ಓದಿದ ಹುಡುಗರು ಬೆಂಗಳೂರಲ್ಲೇ ಉಳಿಯೋದು ಮಾಮೂಲಿ. ನಾನೂ ಎಂಜಿನಿಯರಿಂಗ್ ಮುಗಿಸಿ ಅದನ್ನೇ ಮಾಡಿದವನು. ಊರಿಗೆ ಮರಳಿದ್ದರಿಂದ ಅರಸು ಅವರಿಗೆ ಒಂದು ವಿಷಯ ಹತ್ತಿರದಿಂದ ಗೊತ್ತಾಯ್ತು: ಪಹಣಿಯಲ್ಲಿ ಇರೋ ಹೆಸರು ಒಂದು, ಹೊಲದಲ್ಲಿ ಬೆವರು ಸುರಿಸೋ ಮನುಷ್ಯ ಇನ್ನೊಂದು.

1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಿಂದ ಹುಣಸೂರು ಅವರ ಕ್ಷೇತ್ರ ಆಯ್ತು. ಮಂತ್ರಿಯೂ ಆದರು. ಆದರೆ ಪಕ್ಷದೊಳಗೆ ದೊಡ್ಡ ಜಾತಿಗಳ ನಾಯಕರ ಮಧ್ಯೆ, ಸಂಖ್ಯೆಯಲ್ಲಿ ತೀರಾ ಸಣ್ಣ ಸಮುದಾಯದಿಂದ ಬಂದ ಅರಸು ಬಹಳ ಕಾಲ ಎರಡನೇ ಸಾಲಿನಲ್ಲೇ ಉಳಿದರು. 1969ರಲ್ಲಿ ಕಾಂಗ್ರೆಸ್ ಒಡೆದಾಗ ರಾಜ್ಯದ ದೊಡ್ಡ ತಲೆಗಳೆಲ್ಲ ನಿಜಲಿಂಗಪ್ಪನವರ ಜೊತೆ ನಿಂತರು, ಅರಸು ಇಂದಿರಾ ಗಾಂಧಿ ಕಡೆ ನಿಂತರು. ಆ ಲೆಕ್ಕಾಚಾರ ಫಲಿಸಿತು. 1972ರ ಮಾರ್ಚ್ 20ರಂದು ಮುಖ್ಯಮಂತ್ರಿ ಆದರು. ಮರುವರ್ಷ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿದ್ದೂ ಅವರ ಕಾಲದಲ್ಲೇ.

ಹಿಂದುಳಿದ ವರ್ಗಗಳಿಗೆ ಅರಸು ಮಾಡಿದ್ದನ್ನ ನಾವೆಲ್ಲ ಓದಿದ್ದೇವೆ. 1972ರಲ್ಲಿ ಎಲ್.ಜಿ. ಹಾವನೂರು ಆಯೋಗ ನೇಮಿಸಿದರು, 1975ರಲ್ಲಿ ವರದಿ ಬಂತು, ಅದರ ಮೇಲೆ ಮೀಸಲಾತಿ ನಿಂತಿತು. ಬಿ. ಬಸವಲಿಂಗಪ್ಪ ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರುವ ಪದ್ಧತಿಗೆ ನಿಷೇಧ ಬಂತು. ಈ ಲೇಖನಕ್ಕೆ ಬೇಕಾಗಿರೋದು ಮಾತ್ರ ಅವರ ಇನ್ನೆರಡು ಕಾನೂನುಗಳು.

ಮೊದಲನೆಯದು ಭೂಸುಧಾರಣೆ. 1961ರ ಕಾಯ್ದೆ ಆಗಲೇ ಇತ್ತು, ಆದರೆ ಅದರಲ್ಲಿ ತೂತುಗಳೇ ಜಾಸ್ತಿ. ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಕೊಟ್ಟ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ಫಾರಂ ನಂಬರ್ 7 ತುಂಬಿ ಅರ್ಜಿ ಹಾಕಿದರೆ ಆ ಜಮೀನು ಅವನಿಗೆ. ತಾಲೂಕು ಮಟ್ಟದಲ್ಲಿ ಭೂ ನ್ಯಾಯಮಂಡಳಿ, ಅಧ್ಯಕ್ಷರಾಗಿ ಉಪವಿಭಾಗಾಧಿಕಾರಿ, ಜೊತೆಗೆ ಸರ್ಕಾರ ನೇಮಿಸಿದ ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕು. ಶುರುವಿನಲ್ಲಿ ವಕೀಲರಿಗೆ ಒಳಗೆ ಪ್ರವೇಶವೇ ಇರಲಿಲ್ಲ. ವಕೀಲರನ್ನ ಇಡೋ ಶಕ್ತಿ ಇದ್ದದ್ದು ಧಣಿಗೆ ಮಾತ್ರ ಅನ್ನೋದು ಅರಸು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬಂದ ಅರ್ಜಿಗಳು 8 ಲಕ್ಷಕ್ಕೂ ಹೆಚ್ಚು.

ಎರಡನೆಯದು 1976ರ ಋಣ ಪರಿಹಾರ ಕಾಯ್ದೆ. ಸಣ್ಣ ರೈತರು, ಕೃಷಿ ಕೂಲಿಗಳು, ದುರ್ಬಲ ವರ್ಗದವರು ಸಾಹುಕಾರರಿಂದ ಪಡೆದ ಸಾಲ ಮನ್ನಾ ಆಯ್ತು, ಅಡವಿಟ್ಟ ಸಾಮಾನು ವಾಪಸ್ ಬರಬೇಕಾಯ್ತು. ದುರ್ಬಲ ವರ್ಗದವರು ಯಾರು ಅಂತ ತೀರ್ಮಾನಿಸೋಕೆ ಆ ಕಾನೂನು ನೋಡಿದ್ದು ವಾರ್ಷಿಕ ಆದಾಯವನ್ನ. ಈ ಮನುಷ್ಯನ ಕೈಗೆ ವರ್ಷಕ್ಕೆ ಎಷ್ಟು ಬರುತ್ತೆ, ಅದರಲ್ಲಿ ಇವನು ಕಟ್ಟೋಕೆ ಆಗುತ್ತಾ? ಈ ಪ್ರಶ್ನೆಯನ್ನ ನೆನಪಿಟ್ಟುಕೊಳ್ಳಿ.

ಇನ್ನು ಎಚ್ಚರದ ಭಾಗ. ಭೂಸುಧಾರಣೆ ಕಾನೂನು ಗೇಣಿದಾರನನ್ನ ಬಹಳ ಚೆನ್ನಾಗಿ ನೋಡಿತು, ಆದರೆ ಗೇಣಿಗೆ ಕೊಟ್ಟವರನ್ನೆಲ್ಲ ಒಂದೇ ಕಣ್ಣಲ್ಲಿ ನೋಡಿತು. ನೂರಾರು ಎಕರೆ ಇದ್ದ ಧಣಿಯೂ ಗೇಣಿಗೆ ಕೊಟ್ಟಿದ್ದ. ಗಂಡ ಸತ್ತ ಮೇಲೆ ಉಳೋಕಾಗದೆ ಎರಡು ಎಕರೆ ಕೊಟ್ಟು, ಬಂದ ಭತ್ತದಲ್ಲಿ ವರ್ಷ ನೂಕುತ್ತಿದ್ದ ವಿಧವೆಯೂ ಗೇಣಿಗೆ ಕೊಟ್ಟಿದ್ದಳು. ಕಾಯ್ದೆ ಸೈನಿಕರಿಗೆ, ನಾವಿಕರಿಗೆ ವಿನಾಯಿತಿ ಕೊಟ್ಟಿತು, ವಿಧವೆಗೆ ಕೊಡಲಿಲ್ಲ. ಇಬ್ಬರ ಜಮೀನೂ ಒಂದೇ ದಿನ ಹೋಯ್ತು. ಪರಿಹಾರ ಅಂತ ಗೊತ್ತು ಮಾಡಿದ್ದು ಅವಳ ವಾರ್ಷಿಕ ಅನ್ನಕ್ಕೆ ಸಮನಾಗಿರಲಿಲ್ಲ. ಅತ್ತ ಸ್ವಂತ ಬೇಸಾಯ ಅಂತ ತೋರಿಸಿಕೊಂಡ ದೊಡ್ಡ ಹಿಡುವಳಿದಾರರು ಖುಷ್ಕಿಯಲ್ಲಿ 54 ಎಕರೆವರೆಗೆ ಇಟ್ಟುಕೊಳ್ಳೋಕೆ ಅವಕಾಶ ಇತ್ತು. ಕುಟುಂಬ ಒಡೆದ ಹಾಗೆ ಕಾಗದ ಮಾಡಿಸಿದವರಿಗೆ ಇನ್ನೂ ಹೆಚ್ಚು ಉಳಿಯಿತು. ಮೈಸೂರು, ಮಂಡ್ಯ, ಕರಾವಳಿ ಕಡೆಯ ಹಳೇ ಮನೆಗಳಲ್ಲಿ ಈ ನೋವಿನ ಮಾತು ಇವತ್ತಿಗೂ ಬರುತ್ತೆ.

ಇದನ್ನ ಹಿಡಿದುಕೊಂಡು ಅರಸು ತಪ್ಪು ಮಾಡಿದರು ಅನ್ನೋದು ನನ್ನ ವಾದ ಅಲ್ಲ. ಲಕ್ಷಾಂತರ ಗೇಣಿದಾರರು ಭೂಮಿಯ ಒಡೆಯರಾಗಿದ್ದು ಈ ರಾಜ್ಯ ಕಂಡ ದೊಡ್ಡ ಬದಲಾವಣೆ. ಆದರೆ ಆಸ್ತಿಯ ಹೆಸರಲ್ಲಿ ಕಾನೂನು ಮಾಡೋವಾಗ ಆ ಆಸ್ತಿಯ ಹಿಂದೆ ಯಾರಿದ್ದಾರೆ, ಅವರ ಆದಾಯ ಎಷ್ಟು ಅಂತ ಕೇಳದೇ ಹೋದರೆ, ಒಳ್ಳೆ ಕಾನೂನೂ ಬಡವರನ್ನ ತುಳಿಯುತ್ತೆ.

ಅರಸು ಅವರ ಮುಂದಿನ ವರ್ಷಗಳು ಅಷ್ಟು ಸರಳ ಅಲ್ಲ. ತುರ್ತು ಪರಿಸ್ಥಿತಿಯಲ್ಲಿ ಅವರೇ ಮುಖ್ಯಮಂತ್ರಿ. ವಿರೋಧ ಪಕ್ಷದ ನಾಯಕರು, ಕಾರ್ಯಕರ್ತರು ಬೆಂಗಳೂರಿನ ಜೈಲಲ್ಲಿ ಇದ್ದರು. ಭ್ರಷ್ಟಾಚಾರದ ಆರೋಪಗಳ ಮೇಲೆ 1977ರಲ್ಲಿ ಗ್ರೋವರ್ ಆಯೋಗ ಬಂತು. ಆ ವರ್ಷದ ಕೊನೆಗೆ ಸರ್ಕಾರ ಹೋಯ್ತು, ರಾಷ್ಟ್ರಪತಿ ಆಳ್ವಿಕೆ ಬಂತು. 1978ರ ಫೆಬ್ರವರಿಯಲ್ಲಿ ಮತ್ತೆ ಗೆದ್ದು ಬಂದರು. ಅದೇ ವರ್ಷ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರನ್ನ ಗೆಲ್ಲಿಸಿದರು. ಮರುವರ್ಷ ಇಬ್ಬರಿಗೂ ಕೆಟ್ಟುಹೋಯ್ತು, ಪಕ್ಷದಿಂದ ಹೊರಗೆ ಬಿದ್ದರು. 1980ರ ಲೋಕಸಭಾ ಚುನಾವಣೆಯಲ್ಲಿ ಅವರ ಬಣ ನೆಲಕಚ್ಚಿತು, ಜನವರಿಯಲ್ಲಿ ಅಧಿಕಾರ ಬಿಟ್ಟರು. ಎರಡೂವರೆ ವರ್ಷದೊಳಗೆ, 1982ರ ಜೂನ್ 6ರಂದು ತೀರಿಕೊಂಡರು. 66 ವರ್ಷ.

ಇವತ್ತು ಪ್ರತಿ ಆಗಸ್ಟ್ 20ಕ್ಕೆ ಎಲ್ಲ ಪಕ್ಷದವರೂ ಅರಸು ಫೋಟೋಗೆ ಹಾರ ಹಾಕುತ್ತಾರೆ. ಹಾರ ಹಾಕಿದವರು ಹಾಗೇ ಪುರಸಭೆಯ ಕಂದಾಯದ ಕೌಂಟರಿಗೂ ಹೋಗಿ ಬರಲಿ ಅನ್ನೋದು ನನ್ನ ಆಸೆ.

ಯಾಕೆ ಅಂತ ಹೇಳ್ತೀನಿ. ಪಿರಿಯಾಪಟ್ಟಣ ಪುರಸಭೆ, ಹುಣಸೂರು ನಗರಸಭೆ, ಎರಡೂ ನಡೆಯೋದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಡಿ. ಮೊದಲು ಮನೆಗೆ ಎಷ್ಟು ಬಾಡಿಗೆ ಬರಬಹುದು ಅಂತ ಅಂದಾಜು ಮಾಡಿ ಕಂದಾಯ ಹಾಕ್ತಿದ್ದರು. 2002ರಿಂದ ಬಂಡವಾಳ ಮೌಲ್ಯ ಪದ್ಧತಿ, ಸ್ವಯಂ ಘೋಷಣೆ. ಅಂದ್ರೆ ಜಾಗದ ಮತ್ತು ಕಟ್ಟಡದ ಬೆಲೆಯ ಮೇಲೆ ತೆರಿಗೆ. ಇತ್ತೀಚಿನ ತಿದ್ದುಪಡಿಯ ನಂತರ ಆಯಾ ವರ್ಷದ ಮಾರ್ಗಸೂಚಿ ಬೆಲೆಯ ಶೇ 25ನ್ನ ಆಧಾರವಾಗಿ ಹಿಡಿಯುತ್ತಾರೆ. ಮಾರ್ಗಸೂಚಿ ಬೆಲೆ 2023ರ ಅಕ್ಟೋಬರ್ 1ರಂದು ರಾಜ್ಯದಾದ್ಯಂತ ಏರಿತು. ಪಕ್ಕದಲ್ಲಿ ಲೇಔಟ್ ಆದರೆ, ಹೆದ್ದಾರಿ ಅಗಲ ಆದರೆ, ಅಜ್ಜಿಯ ಜಾಗದ ಬೆಲೆ ಏರುತ್ತೆ. ಅಜ್ಜಿಯ ಪಿಂಚಣಿ ಏರಲ್ಲ.

ಒಂದು ಲೆಕ್ಕ ಹಾಕೋಣ. ಇದು ಉದಾಹರಣೆಗೆ ಅಷ್ಟೇ. ಮನೆಯ ಬೆಲೆ 12 ಲಕ್ಷ ಅಂತ ಇಟ್ಕೊಳ್ಳಿ. ಅದರ ಶೇ 25 ಅಂದ್ರೆ 3 ಲಕ್ಷ. ದರ ಶೇ 0.5 ಆದರೆ ತೆರಿಗೆ 1,500 ರೂಪಾಯಿ. ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3, ಈ ಮೂರೂ ಸೇರಿ 360. ಒಟ್ಟು 1,860. ತಿಂಗಳಿಗೆ 1 ಲಕ್ಷ ಸಂಬಳ ಇರೋ ನನ್ನ ಹಳೇ ಕ್ಲಾಸ್‌ಮೇಟ್‌ಗೆ ಇದು ವರ್ಷದ ಆದಾಯದ ಶೇ 0.2 ಕೂಡ ಅಲ್ಲ. 1,200 ಪಿಂಚಣಿಯ ಅಜ್ಜಿಗೆ ವರ್ಷದ ಆದಾಯದ ಸುಮಾರು ಶೇ 13, ಅಂದ್ರೆ ಒಂದೂವರೆ ತಿಂಗಳ ಪಿಂಚಣಿ. ಫ್ಯಾಕ್ಟರಿಯಲ್ಲೋ ಸಹಕಾರ ಸಂಘದಲ್ಲೋ ದುಡಿದು ನಿವೃತ್ತರಾಗಿ, ಇಪಿಎಸ್-95ರ ಕನಿಷ್ಠ ಪಿಂಚಣಿ 1,000 ರೂಪಾಯಿ ಪಡೆಯೋ ತಾತನಿಗೆ ಶೇ 15ಕ್ಕಿಂತ ಹೆಚ್ಚು. ಆ 1,000 ರೂಪಾಯಿ ನಿಗದಿಯಾಗಿದ್ದು 2014ರಲ್ಲಿ.

ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ ಇದೆ. ತಡವಾದರೆ ತಿಂಗಳಿಗೆ ಶೇ 2 ದಂಡ. ಕೈಯಲ್ಲಿ ಕಾಸಿದ್ದವರಿಗೆ ರಿಯಾಯಿತಿ, ಇಲ್ಲದವರಿಗೆ ದಂಡ. ಪಿಂಚಣಿಯೇ ಎರಡು ಮೂರು ತಿಂಗಳು ತಡವಾಗಿ ಬಂದರೆ ಅಜ್ಜಿ ಏಪ್ರಿಲ್‌ನಲ್ಲಿ ಎಲ್ಲಿಂದ ತರಬೇಕು? ಮಾಜಿ ಸೈನಿಕರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಇದೆ, ಇರಬೇಕಾದ್ದೇ. ಸಣ್ಣ ಆದಾಯದ ಹಿರಿಯರಿಗೆ ಅಂತ ಒಂದು ಸಾಲು ಇಲ್ಲ. 1974ರಲ್ಲಿ ಸೈನಿಕನನ್ನ ನೋಡಿ ವಿಧವೆಯನ್ನ ನೋಡದ ಕಣ್ಣು ಇಲ್ಲೂ ಅದೇ.

ಇದಕ್ಕೆ ಎರಡು ಆಕ್ಷೇಪ ಬರುತ್ತೆ, ಎರಡೂ ನ್ಯಾಯವಾದವೇ. ಒಂದು, ಸಣ್ಣ ಊರಿನ ಪುರಸಭೆಗೆ ಸ್ವಂತ ಆದಾಯ ಅಂತ ಇರೋದೇ ಕಂದಾಯ. ಬೀದಿ ದೀಪ, ನೀರು, ಕಸದ ಗಾಡಿ ಎಲ್ಲ ಅದರಿಂದ. ಎರಡು, ರಿಯಾಯಿತಿ ಕೊಟ್ಟ ಮರುದಿನ ಮೂರು ಮಹಡಿ ಮನೆಗಳೆಲ್ಲ ಅಜ್ಜಿಯರ ಹೆಸರಿಗೆ ಬರುತ್ತವೆ. ಭೂಮಿತಿ ತಪ್ಪಿಸೋಕೆ ಕುಟುಂಬ ಒಡೆದ ಕಾಗದಗಳನ್ನ ಕಂಡ ನಾಡು ಇದು, ಹೆದರಿಕೆ ಸುಳ್ಳಲ್ಲ.

ಆದರೆ ದಾರಿಗಳಿವೆ. ಐರ್ಲೆಂಡಿನಲ್ಲಿ 2013ರಲ್ಲಿ ಸ್ಥಳೀಯ ಆಸ್ತಿ ತೆರಿಗೆ ಬಂದಾಗಲೇ, ಆದಾಯ ಒಂದು ಮಿತಿಗಿಂತ ಕಡಿಮೆ ಇರೋರು ತೆರಿಗೆಯನ್ನ ಮುಂದಕ್ಕೆ ಹಾಕೋ ಅವಕಾಶ ಇಟ್ಟರು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 55 ದಾಟಿದವರು ಬದುಕಿರೋವರೆಗೆ ಕಟ್ಟದೇ ಇರಬಹುದು. ಮನೆ ಮಾರಿದಾಗ ಅಥವಾ ವಾರಸುದಾರರಿಗೆ ಹೋದಾಗ ಬಡ್ಡಿ ಸೇರಿಸಿ ವಸೂಲಿ. ತೆರಿಗೆ ಮನ್ನಾ ಆಗಲ್ಲ, ಪುರಸಭೆಗೆ ಬರಬೇಕಾದ್ದು ಬಂದೇ ಬರುತ್ತೆ. ಬೆಂಗಳೂರಿನಲ್ಲಿರೋ ಮಗ ಮನೆ ಪಡೆಯೋವಾಗ ಅವನೇ ಕಟ್ಟುತ್ತಾನೆ.

ನಮ್ಮಲ್ಲಿ ಇದನ್ನ ಮಾಡೋಕೆ ಹೊಸ ಸಮೀಕ್ಷೆ ಬೇಕಿಲ್ಲ. ಸಂಧ್ಯಾ ಸುರಕ್ಷಾ, ವಿಧವಾ ವೇತನ, ಕನಿಷ್ಠ ಇಪಿಎಸ್ ಪಿಂಚಣಿ ಪಡೆಯೋರ ಪಟ್ಟಿ ಸರ್ಕಾರದ ಹತ್ತಿರವೇ ಇದೆ. ಅದರಲ್ಲಿ ಹೆಸರಿದ್ದು, ಸ್ವಂತ ವಾಸದ ಒಂದೇ ಸಣ್ಣ ಮನೆ ಇದ್ದು, ಬಾಡಿಗೆಗೆ ಕೊಡದೇ ಇದ್ದರೆ, ತೆರಿಗೆ ಮುಂದಕ್ಕೆ ಹಾಕೋ ಹಕ್ಕು ಕೊಡಿ, ದಂಡ ಬಿಡಿ, ಕರಗಳನ್ನ ಬಿಡಿ. ಅಷ್ಟರಿಂದ ಪುರಸಭೆಗೆ ಆ ವರ್ಷ ಆಗೋ ಕೊರತೆಯನ್ನ ರಾಜ್ಯ ತುಂಬಿಕೊಡಲಿ, ಯಾಕಂದ್ರೆ ಪಿಂಚಣಿಯನ್ನ 1,200ಕ್ಕೆ ನಿಲ್ಲಿಸಿರೋದು ರಾಜ್ಯವೇ, ಪುರಸಭೆ ಅಲ್ಲ. ಕಾಯ್ದೆ ತಿದ್ದೋದು ವಿಧಾನಸಭೆಯ ಕೆಲಸ. ತಿದ್ದಿ ಅಂತ ನಿರ್ಣಯ ಮಾಡಿ ಕಳಿಸೋದು ಹುಣಸೂರು, ಪಿರಿಯಾಪಟ್ಟಣದ ಸದಸ್ಯರ ಕೈಯಲ್ಲೇ ಇದೆ.

ನಮ್ಮ ವಯಸ್ಸಿನವರು ಬಜೆಟ್ ದಿನ ಆದಾಯ ತೆರಿಗೆ ಸ್ಲ್ಯಾಬ್ ಬಗ್ಗೆ ರಾತ್ರಿ ತನಕ ಜಗಳ ಆಡ್ತೀವಿ. ಮುಂದಿನ ಸಲ ಊರಿಗೆ ಹೋದಾಗ ಅಜ್ಜಿಯ ಸ್ವಯಂ ಘೋಷಣೆ ನಮೂನೆಯನ್ನ ನೀವೇ ತುಂಬಿ ಕೊಡಿ. ಜಾಗದ ಅಳತೆ ಎಷ್ಟು, ಚಾವಣಿ ಯಾವುದು, ಕಟ್ಟಿ ಎಷ್ಟು ವರ್ಷ ಆಯ್ತು ಅಂತೆಲ್ಲ ಅದು ಕೇಳುತ್ತೆ. ಆ ಮನೆಯಲ್ಲಿ ಇರೋರ ಆದಾಯ ಎಷ್ಟು ಅಂತ ಒಂದು ಕಾಲಂ ಇದೆಯಾ ಹುಡುಕಿ. ಇಲ್ಲದಿದ್ದರೆ, ಆ ಕಾಲಂ ಯಾಕಿಲ್ಲ ಅಂತ ನಿಮ್ಮ ವಾರ್ಡಿನ ಸದಸ್ಯರನ್ನ ಕೇಳಿ. ಕಲ್ಲಹಳ್ಳಿಯ ಅರಸು 1976ರಲ್ಲೇ ಸಾಲದ ವಿಷಯದಲ್ಲಿ ಆ ಕಾಲಂ ಇಟ್ಟಿದ್ದರು ಅಂತಲೂ ನೆನಪಿಸಿ.