ಶಿಕಾಗೋ ನಗರದ ಶಿಲ್ಪಿ ಲೂಯಿ ಸಲಿವನ್

ಶಿಕಾಗೋ ಎಂದ ಕೂಡಲೆ ನಮ್ಮವರಿಗೆ ನೆನಪಾಗುವುದು ೧೮೯೩ರ ಸರ್ವಧರ್ಮ ಸಮ್ಮೇಳನ; ಸ್ವಾಮಿ ವಿವೇಕಾನಂದರು. ಆ ಸಮ್ಮೇಳನಕ್ಕೆ ನಿಮಿತ್ತವಾದ ಜಾಗತಿಕ ಪ್ರದರ್ಶನದಲ್ಲಿ, ಮಿಷಿಗನ್ ಸರೋವರದ ದಡದ ಮೇಲೆ, ಗ್ರೀಕ್ ರೋಮನ್ ಮಾದರಿಯ ಬಿಳಿಯ ಸೌಧಗಳು ಸಾಲುಸಾಲಾಗಿ ಎದ್ದಿದ್ದುವು. ಅವುಗಳ ನಡುವೆ ವಾಹನ ವಿಭಾಗದ ಕಟ್ಟಡವು ಹಲವು ಬಣ್ಣಗಳನ್ನು ತಳೆದು, ಹೊಂಬಣ್ಣದ ಹೆಬ್ಬಾಗಿಲನ್ನು ತೆರೆದುಕೊಂಡು, ತನ್ನ ದಾರಿಯೇ ಬೇರೆಂಬಂತೆ ನಿಂತಿತ್ತು. ಅದನ್ನು ರೂಪಿಸಿದವನು ಲೂಯಿ ಸಲಿವನ್.

ಅವನು ಹುಟ್ಟಿದ್ದು ೧೮೫೬ರಲ್ಲಿ, ಬಾಸ್ಟನ್ ನಗರದಲ್ಲಿ. ತಂದೆ ಐರ್ಲೆಂಡಿನಿಂದ ಬಂದ ನೃತ್ಯಶಿಕ್ಷಕ, ತಾಯಿ ಜಿನೀವಾದವಳು. ವಾಸ್ತುವಿದ್ಯೆಯನ್ನು ಕಲಿಯಲು ಕಾಲೇಜು ಸೇರಿ ಒಂದೇ ವರ್ಷಕ್ಕೆ ಬಿಟ್ಟ. ೧೮೭೩ರಲ್ಲಿ ಶಿಕಾಗೋವಿಗೆ ಬಂದಾಗ ಅವನಿಗೆ ಹದಿನೇಳು ವರ್ಷ. ಎರಡು ವರ್ಷಗಳ ಹಿಂದೆಯಷ್ಟೇ ಆ ಊರು ಬೆಂಕಿಗೆ ಆಹುತಿಯಾಗಿತ್ತು. ಸುಮಾರು ೧೭,೦೦೦ ಕಟ್ಟಡಗಳು ಬೂದಿಯಾಗಿ, ಒಂದು ಲಕ್ಷದಷ್ಟು ಜನ ಬೀದಿಗೆ ಬಿದ್ದಿದ್ದರು. ಕಟ್ಟುವ ಕಸುಬಿನವನಿಗೆ ಸುಟ್ಟ ಊರಿಗಿಂತ ಒಳ್ಳೆಯ ಊರು ಯಾವುದು? ಕ್ರೂರವಾದ ಮಾತು, ಆದರೂ ನಿಜ. ಮುಂದೆ ಪ್ಯಾರಿಸ್ಸಿನಲ್ಲಿ ಕೆಲಕಾಲ ಕಲಿತು, ಮರಳಿ ಅಲ್ಲಿಯೇ ನೆಲೆಸಿದ.

ಅವನ ಭಾಗ್ಯವೆಂದರೆ ಡಾಂಕ್ಮಾರ್ ಆಡ್ಲರನ ಸ್ನೇಹ. ವಯಸ್ಸಿನಲ್ಲಿ ಹನ್ನೆರಡು ವರ್ಷ ಹಿರಿಯನಾದ ಆಡ್ಲರ್ ಲೆಕ್ಕಾಚಾರದಲ್ಲಿಯೂ ಧ್ವನಿಶಾಸ್ತ್ರದಲ್ಲಿಯೂ ನಿಪುಣ. ಗಿರಾಕಿಗಳೊಡನೆ ತಾಳ್ಮೆಯಿಂದ ವ್ಯವಹರಿಸಬಲ್ಲವನು. ಸಲಿವನ್ ಕನಸುಗಾರ, ಮುಂಗೋಪಿ. ೧೮೮೩ರ ಹೊತ್ತಿಗೆ ಅವರು ಪಾಲುಗಾರರಾದರು. ಈ ಇಬ್ಬರ ಕೂಟದಿಂದ ಹುಟ್ಟಿದ್ದು ೧೮೮೯ರ ಆಡಿಟೋರಿಯಮ್ ಸೌಧ. ನಾಟಕಶಾಲೆ, ಹೋಟೆಲು, ಕಚೇರಿಗಳು, ಎಲ್ಲವೂ ಒಂದೇ ಮಾಡಿನ ಕೆಳಗೆ. ರಂಗಮಂದಿರದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಆಸನಗಳು. ಶಿಕಾಗೋವಿನ ನೆಲ ಮೆತ್ತನೆಯ ಜೇಡಿ. ಅದರ ಮೇಲೆ ಇಂಥ ಕಲ್ಲಿನ ಭಾರವನ್ನು ನಿಲ್ಲಿಸಿದ್ದು ಆಡ್ಲರನ ಸಾಹಸ. ಒಳಗೆ ಕಮಾನುಗಳ ಮೇಲೆ ಹೊಂಬಣ್ಣದ ಎಲೆಬಳ್ಳಿಗಳನ್ನು ಹಬ್ಬಿಸಿದ್ದು ಸಲಿವನ್ನನ ಕೈ. ಅದರ ಗೋಪುರದಲ್ಲಿಯೇ ಅವರಿಬ್ಬರ ಕಚೇರಿಯೂ ಇತ್ತು. ಮುಂದೆ ಜಗತ್ಪ್ರಸಿದ್ಧನಾದ ಫ್ರಾಂಕ್ ಲಾಯ್ಡ್ ರೈಟ್ ಅವರಲ್ಲಿ ನಕ್ಷೆ ಬರೆಯುತ್ತಿದ್ದ ಹುಡುಗ.

ಆಗ ಉಕ್ಕಿನ ಚೌಕಟ್ಟಿನಿಂದ ಕಟ್ಟಡಗಳು ಆಕಾಶಕ್ಕೆ ಏರುತ್ತಿದ್ದುವು. ಆದರೆ ಅವನ್ನು ಹೇಗೆ ಕಾಣಿಸಬೇಕೆಂಬುದು ತಿಳಿಯದೆ, ಒಂದು ಅರಮನೆಯ ಮೇಲೆ ಮತ್ತೊಂದನ್ನು ಪೇರಿಸಿದಂತೆ ಕಟ್ಟುತ್ತಿದ್ದರು. ಎತ್ತರದ ಕಟ್ಟಡ ಎತ್ತರವಾಗಿಯೇ ತೋರಬೇಕು, ಅದರ ಉಪಯೋಗವೇ ಅದರ ಆಕಾರವನ್ನು ನಿರ್ಣಯಿಸಬೇಕು ಎಂಬುದು ಸಲಿವನ್ನನ ಸಿದ್ಧಾಂತ. ಅವನು ಅಲಂಕಾರವನ್ನು ತೊರೆದವನೆಂದು ತಿಳಿಯುವುದು ತಪ್ಪು. ಸ್ಟೇಟ್ ಬೀದಿಯ ಮೂಲೆಯಲ್ಲಿ ೧೮೯೯ರಿಂದ ೧೯೦೪ರವರೆಗೆ ಅವನು ಕಟ್ಟಿದ ದೊಡ್ಡ ಅಂಗಡಿಯ ಕೆಳ ಅಂತಸ್ತುಗಳಲ್ಲಿ ಎರಕದ ಕಬ್ಬಿಣ ಬಳ್ಳಿಯಾಗಿ ಮೊಗ್ಗಾಗಿ ಸುರುಳಿಗೊಂಡಿದೆ.

೧೮೯೩ರ ಆರ್ಥಿಕ ಕುಸಿತದಿಂದ ಕೆಲಸ ಬತ್ತಿತು. ಜನರೂ ಪ್ರದರ್ಶನದ ಬಿಳಿಯ ಕಂಬಗಳಿಗೆ ಮನಸೋತಿದ್ದರು. ೧೮೯೫ರಲ್ಲಿ ಆಡ್ಲರ್ ಸಂಸಾರ ನಿರ್ವಹಣೆಗಾಗಿ ಲಿಫ್ಟು ತಯಾರಿಸುವ ಕಂಪೆನಿಯೊಂದನ್ನು ಸೇರಿದ. ಕೆಲವೇ ತಿಂಗಳಲ್ಲಿ ಮರಳಿ ಬಂದಾಗ ಸಲಿವನ್ ಅವನನ್ನು ಜೊತೆಗೆ ಸೇರಿಸಿಕೊಳ್ಳಲಿಲ್ಲ. ಕಾಲ ಅವನಿಗೆ ಮಾಡಿದ ಅನ್ಯಾಯವನ್ನು ಅವನ ಅಭಿಮಾನಿಗಳು ಬಹಳವಾಗಿ ಹೇಳುತ್ತಾರೆ. ನನಗಾದರೋ ಈ ಹಟವೇ ಹೆಚ್ಚು ಕೇಡು ಮಾಡಿತೆಂದು ತೋರುತ್ತದೆ. ೧೯೦೦ರಲ್ಲಿ ಆಡ್ಲರ್ ತೀರಿಕೊಂಡ.

ಮುಂದಿನದು ಇಳಿಗತಿ. ೧೯೦೯ರಲ್ಲಿ ಪುಸ್ತಕ, ಕಲಾವಸ್ತುಗಳು ಹರಾಜಾದುವು, ಹೆಂಡತಿ ಅಗಲಿದಳು. ಸಣ್ಣ ಊರುಗಳ ಬ್ಯಾಂಕುಗಳಷ್ಟೇ ಅವನ ಪಾಲಿಗೆ ಉಳಿದ ಕೆಲಸ. ಅವನ್ನೂ ಆಭರಣದ ಪೆಟ್ಟಿಗೆಗಳಂತೆ ಕಟ್ಟಿಕೊಟ್ಟ. ೧೯೧೮ರಲ್ಲಿ ಗೋಪುರದ ಕಚೇರಿಯೂ ಕೈಬಿಟ್ಟಿತು. ೧೮೯೩ರಲ್ಲಿ ಮುನಿದು ಹೊರಹೋಗಿದ್ದ ರೈಟ್ ಈಗ ಹಣ ಕೊಟ್ಟು ನೆರವಾದ. ಲಿಂಕನ್ ಅವೆನ್ಯೂವಿನ ಸಂಗೀತ ವಾದ್ಯಗಳ ಪುಟ್ಟ ಅಂಗಡಿಗೆ ೧೯೨೨ರಲ್ಲಿ ಮಾಡಿಕೊಟ್ಟ ಹಸಿರು ಮುಖಭಾಗವೇ ಅವನ ಕಡೆಯ ಕೃತಿ. ಆತ್ಮಕಥೆ ಅಚ್ಚಾಗಿ ಕೈಸೇರಿದ ಕೆಲದಿನಗಳಲ್ಲಿಯೇ, ೧೯೨೪ರ ಏಪ್ರಿಲ್ ೧೪ರಂದು, ಸಾಮಾನ್ಯ ಹೋಟೆಲೊಂದರ ಕೋಣೆಯಲ್ಲಿ ಪ್ರಾಣಬಿಟ್ಟ. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ಸುವರ್ಣಪದಕವನ್ನಿತ್ತದ್ದು ೧೯೪೪ರಲ್ಲಿ, ಅವನು ಸತ್ತ ಇಪ್ಪತ್ತು ವರ್ಷಗಳ ತರುವಾಯ.

ಆದರೂ ಕೆಡಹುವ ಕೈಗಳು ಸುಮ್ಮನಿರಲಿಲ್ಲ. ೧೯೬೧ರಲ್ಲಿ ಗ್ಯಾರಿಕ್ ನಾಟಕಶಾಲೆ ನೆಲಸಮವಾಯಿತು. ೧೮೯೪ರ ಷೇರುಪೇಟೆಯ ಸೌಧವನ್ನು ೧೯೭೨ರಲ್ಲಿ ಒಡೆಯುತ್ತಿದ್ದಾಗ, ಅದರ ಅಲಂಕಾರದ ತುಣುಕುಗಳನ್ನು ಉಳಿಸಲು ಒಳಹೊಕ್ಕಿದ್ದ ಛಾಯಾಚಿತ್ರಕಾರ ರಿಚರ್ಡ್ ನಿಕೆಲ್ ಕುಸಿದ ಅವಶೇಷದಡಿ ಸಿಕ್ಕಿ ಸತ್ತ. ಆ ಸೌಧದ ಪ್ರವೇಶದ ಕಮಾನು ಉಳಿದಿದೆ. ವ್ಯಾಪಾರದ ಹಜಾರವನ್ನು ೧೯೭೭ರಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ಎರಡೂ ಇರುವುದು ಶಿಕಾಗೋವಿನ ಕಲಾಸಂಸ್ಥೆಯ ಆವರಣದಲ್ಲಿ. ೧೮೯೩ರಲ್ಲಿ ಸ್ವಾಮಿಗಳು ಮಾತನಾಡಿದ್ದು ಆ ಸಂಸ್ಥೆಯ ಕಟ್ಟಡದಲ್ಲಿಯೇ.